ಗೆಳೆಯರ ಜೊತೆ ದೂರದ ಟ್ರೇಲ್, ನಡುವೆ ಬದಲಾದ ಪ್ಲಾನ್: ಪದೇ ಪದೇ ಕೇಳುವ ಪ್ರಶ್ನೆಗಳು

ವಾರಗಟ್ಟಲೆ ಬ್ಯಾಗ್ ಹೊತ್ತು ನಡೆಯುವ ದಾರಿಯಲ್ಲಿ ಮೊದಲು ಹಾಕಿದ ಪ್ಲಾನ್ ಕೊನೆವರೆಗೂ ಹಾಗೇ ಉಳಿಯುವುದು ಅಪರೂಪ. ಮಳೆ ಹಿಡಿಯುತ್ತದೆ, ಮಂಡಿ ಊದಿಕೊಳ್ಳುತ್ತದೆ, ಮನೆಯಿಂದ ಫೋನ್ ಬರುತ್ತದೆ, ಕೆಲವೊಮ್ಮೆ ದಾರಿಯನ್ನೇ ಮುಚ್ಚಿಬಿಡುತ್ತಾರೆ. ಒಬ್ಬರೇ ಇದ್ದರೆ ಕೂತು ಯೋಚಿಸಿ ತೀರ್ಮಾನ ಮಾಡಬಹುದು. ಇಬ್ಬರಿದ್ದಾಗ ಟೆಂಟ್ ಒಂದು, ಸ್ಟವ್ ಒಂದು, ಮನಸ್ಸು ಮಾತ್ರ ಎರಡು. ಮೊದಲ ಸಲ ಹೀಗೆ ಹೊರಡುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಹೊರಡುವ ಮುಂಚೆ ಇಬ್ಬರೂ ಏನೇನು ಮಾತಾಡಿಕೊಂಡಿರಬೇಕು?

ದಾರಿ, ದಿನ, ಖರ್ಚು ಇವನ್ನೆಲ್ಲ ಎಲ್ಲರೂ ಮಾತಾಡುತ್ತಾರೆ. ಬಿಟ್ಟುಹೋಗುವ ಪ್ರಶ್ನೆ ಒಂದೇ: “ನಿನ್ನ ಕೈಲಿ ಆಗದೇ ಹೋದರೆ ನಾನು ಮುಂದೆ ಹೋಗಲಾ, ನಿನ್ನ ಜೊತೆ ವಾಪಸ್ ಬರಲಾ?” ಇದನ್ನು ಮನೆಯಲ್ಲಿ, ನಿದ್ದೆ ಊಟ ಸರಿಯಾಗಿ ಆಗಿರುವಾಗ ಕೇಳಿಕೊಳ್ಳಿ. ಒದ್ದೆ ಸಾಕ್ಸ್ ಹಾಕಿಕೊಂಡು ದಾರಿಮಧ್ಯೆ ಕೇಳಿದರೆ ಅದು ಪ್ರಶ್ನೆಯ ಹಾಗೆ ಕೇಳಿಸುವುದಿಲ್ಲ, ದೂರಿನ ಹಾಗೆ ಕೇಳಿಸುತ್ತದೆ.

ಇಬ್ಬರ ಉತ್ತರ ಒಂದೇ ಆಗಿರಬೇಕು ಅಂತೇನಿಲ್ಲ. ಒಬ್ಬರಿಗೆ ಇಡೀ ದಾರಿ ಮುಗಿಸುವ ಹಂಬಲ ಇರಬಹುದು, ಇನ್ನೊಬ್ಬರಿಗೆ ಜೊತೆಯಲ್ಲಿ ನಡೆಯುವುದೇ ಮುಖ್ಯ ಇರಬಹುದು. ಎರಡೂ ಒಳ್ಳೆಯ ಕಾರಣಗಳೇ. ಆದರೆ ಪ್ಲಾನ್ ಕೆಟ್ಟ ದಿನ ಅವು ಬೇರೆ ಬೇರೆ ದಿಕ್ಕಿಗೆ ಎಳೆಯುತ್ತವೆ. ಅದು ಮೊದಲೇ ಗೊತ್ತಿದ್ದರೆ ಯಾರಿಗೂ ಮೋಸ ಹೋದ ಹಾಗೆ ಅನ್ನಿಸುವುದಿಲ್ಲ.

ಇನ್ನೊಂದು ಒಪ್ಪಂದ ಬೇಕು: ಅಪಾಯದ ವಿಷಯದಲ್ಲಿ ಇಬ್ಬರಲ್ಲಿ ಒಬ್ಬರು ಬೇಡ ಅಂದರೆ ಬೇಡ. ಅವರು ವಾದ ಮಾಡಿ ಗೆಲ್ಲಬೇಕಾಗಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ವಿಷಯ ಏನೆಂದರೆ, ಯಾವ ದಿನ ಬೇಕಾದರೂ ಇಬ್ಬರೂ ಅಪಾಯವಿಲ್ಲದೆ ಬೇರೆಯಾಗಲು ಆಗುವ ಹಾಗೆ ತಯಾರಾಗಿರುವುದು. ಬೇರೆಯಾಗಲು ದಾರಿ ಇದ್ದಾಗ ಜೊತೆಗಿರುವುದು ಯಾರಿಗೂ ಹೊರೆಯಾಗುವುದಿಲ್ಲ.

ಪ್ಲಾನ್ ಬದಲಾದರೂ ನಡೆಯುತ್ತದೆ ಅನ್ನುವಂಥ ಟ್ರೇಲ್ ಹೇಗಿರುತ್ತದೆ?

ನಕ್ಷೆಯಲ್ಲಿ ಮೊದಲು ಶಿಖರ ಹುಡುಕಬೇಡಿ, ರಸ್ತೆ ಹುಡುಕಿ. ಕಾರ್ಸಿಕಾ ದ್ವೀಪದ ಜಿಆರ್ 20 ಸುಮಾರು 180 ಕಿ.ಮೀ. ಉದ್ದದ, ತುಂಬಾ ಕಷ್ಟದ ದಾರಿ. ಆದರೂ ನಡುಭಾಗದಲ್ಲಿ ವಿಜ್ಜಾವೊನಾ ಅನ್ನುವ ಊರಿದೆ, ಅಲ್ಲಿ ರೈಲು ನಿಲ್ಲುತ್ತದೆ. ಉತ್ತರದ ಅರ್ಧ ಮುಗಿಸಿ ಒಬ್ಬರು ರೈಲು ಹತ್ತಬಹುದು, ಇನ್ನೊಬ್ಬರು ಮುಂದುವರಿಯಬಹುದು. ಸ್ಕಾಟ್ಲೆಂಡಿನ ವೆಸ್ಟ್ ಹೈಲ್ಯಾಂಡ್ ವೇ 154 ಕಿ.ಮೀ. ಇದೆ. ಅಲ್ಲೂ ಬಹಳ ಕಡೆ ರಸ್ತೆ, ರೈಲು ಹತ್ತಿರವೇ.

ಕ್ಯಾಲಿಫೋರ್ನಿಯಾದ ಜಾನ್ ಮ್ಯೂರ್ ಟ್ರೇಲ್ ಹಾಗಲ್ಲ. ಸುಮಾರು 340 ಕಿ.ಮೀ. ಉದ್ದದ ಈ ದಾರಿಯ ದಕ್ಷಿಣ ಭಾಗವನ್ನು ಯಾವ ರಸ್ತೆಯೂ ದಾಟುವುದಿಲ್ಲ. ಅಲ್ಲಿಂದ ಹೊರಗೆ ಬರಬೇಕೆಂದರೆ ಕಿಯರ್ಸಾರ್ಜ್ ಪಾಸ್‌ನಂಥ, 3,500 ಮೀಟರಿಗೂ ಎತ್ತರದ, ಬೆಟ್ಟಸಾಲು ದಾಟುವ ದಾರಿಯನ್ನು ಹತ್ತಿ ಇಳಿಯಬೇಕು. ಮಂಡಿ ನೋವಿದ್ದವರಿಗೆ ಇದು ಸಣ್ಣ ಮಾತಲ್ಲ.

ನ್ಯೂಜಿಲೆಂಡಿನ ಮಿಲ್ಫರ್ಡ್ ಟ್ರ್ಯಾಕ್‌ನ ಕಥೆಯೇ ಬೇರೆ. 53.5 ಕಿ.ಮೀ. ಅಷ್ಟೇ. ಆದರೆ ಸೀಸನ್‌ನಲ್ಲಿ ಒಂದೇ ದಿಕ್ಕಿಗೆ ನಡೆಯಬೇಕು, ಬುಕ್ ಮಾಡಿದ ಹಟ್‌ಗಳಲ್ಲಿ ಒಂದೊಂದೇ ರಾತ್ರಿ ಉಳಿಯಬೇಕು. “ಇವತ್ತು ಸುಸ್ತಾಗಿದೆ, ನಾಳೆ ಹೊರಡೋಣ” ಅನ್ನುವ ಹಾಗಿಲ್ಲ. ಗೆಳೆಯರ ಜೊತೆ ಇದು ಮೊದಲ ದೊಡ್ಡ ನಡಿಗೆಯಾಗಿದ್ದರೆ, ಬಿಗಿ ವೇಳಾಪಟ್ಟಿಯ ದಾರಿಗಿಂತ ಸಡಿಲವಾದದ್ದನ್ನು ಆರಿಸಿ.

ಹೊರಡಲು ಕೆಲವೇ ದಿನ ಇದೆ. ಗೆಳೆಯ ಬರುವುದಿಲ್ಲ ಅನ್ನುತ್ತಿದ್ದಾನೆ. ಪರ್ಮಿಟ್ ಗತಿ ಏನು?

ಪರ್ಮಿಟ್ ಯಾರ ಹೆಸರಲ್ಲಿದೆ ಅನ್ನುವುದನ್ನು ನೋಡಿ. ಅಮೆರಿಕದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ನಲ್ಲಿ 500 ಮೈಲಿ, ಅಂದರೆ ಸುಮಾರು 800 ಕಿ.ಮೀ. ಅಥವಾ ಅದಕ್ಕಿಂತ ಹೆಚ್ಚು ನಡೆಯುವವರಿಗೆ ಕೊಡುವ ಪರ್ಮಿಟ್ ಒಬ್ಬೊಬ್ಬರಿಗೂ ಬೇರೆ ಬೇರೆ. ಒಬ್ಬರು ಬಿಟ್ಟರೆ ಇನ್ನೊಬ್ಬರಿಗೆ ತೊಂದರೆಯಿಲ್ಲ. ಎಷ್ಟೋ ಕಡೆ ಗುಂಪಿಗೆ ಒಂದೇ ಪರ್ಮಿಟ್ ಇರುತ್ತದೆ, ಅದು ಗುಂಪಿನ ಮುಖ್ಯಸ್ಥರ ಹೆಸರಲ್ಲಿರುತ್ತದೆ. ಅವರೇ ಬರದಿದ್ದರೆ ಪರ್ಮಿಟ್ ನಡೆಯುವುದಿಲ್ಲ. ಅರ್ಜಿಯಲ್ಲಿ ಬದಲಿ ಮುಖ್ಯಸ್ಥರ ಹೆಸರು ಹಾಕುವ ಜಾಗ ಇದ್ದರೆ ಅದನ್ನು ಖಾಲಿ ಬಿಡಬೇಡಿ. ಆ ಒಂದು ಸಾಲು ಇಡೀ ಪ್ರವಾಸವನ್ನು ಉಳಿಸಬಹುದು.

ಪೆರುವಿನ ಇಂಕಾ ಟ್ರೇಲ್ ಇನ್ನೂ ಬಿಗಿ. ಗೈಡ್‌ಗಳು, ಹೊರೆ ಹೊರುವವರು ಎಲ್ಲರೂ ಸೇರಿ ದಿನಕ್ಕೆ 500 ಜನರಿಗೆ ಮಾತ್ರ ಅವಕಾಶ. ಪರ್ಮಿಟ್‌ನಲ್ಲಿ ಪಾಸ್‌ಪೋರ್ಟ್ ನಂಬರ್ ಇರುತ್ತದೆ, ಬೇರೆಯವರಿಗೆ ವರ್ಗಾಯಿಸಲು ಬರುವುದಿಲ್ಲ. ಫೆಬ್ರುವರಿಯಲ್ಲಿ ದಾರಿಯೇ ಮುಚ್ಚಿರುತ್ತದೆ. ಅಂಥ ಕಡೆ “ಅವನ ಬದಲು ಇವನು” ಅನ್ನುವುದು ಆಗದ ಮಾತು.

ಬರಲಾಗದ ಗೆಳೆಯನ ಮೇಲೆ ಕೋಪ ಬರುವುದು ಸಹಜ. ಆದರೂ ಅವನು ಹೊರಡುವ ಮುಂಚೆಯೇ ಹೇಳಿದ್ದಾನೆ. ಮನಸ್ಸಿಲ್ಲದೆ ಬಂದು ಮೂರನೇ ದಿನ ಹೇಳುವುದಕ್ಕಿಂತ ಇದು ಎಷ್ಟೋ ವಾಸಿ.

ಹಾಗಾದರೆ ನಾನೊಬ್ಬಳೇ ಹೋಗಲಾ?

ಇಬ್ಬರಿಗೆಂದು ಮಾಡಿದ ಪ್ಲಾನ್‌ನಲ್ಲಿ ಒಬ್ಬರನ್ನು ಕಳೆದರೆ ಒಬ್ಬರ ಪ್ಲಾನ್ ಆಗುವುದಿಲ್ಲ. ದಿನದ ದೂರ ಕಡಿಮೆ ಮಾಡಿ, ಕಷ್ಟದ ಹೊಳೆ ದಾಟುವ ಕಡೆ ಬೇರೆ ದಾರಿ ಇದೆಯಾ ನೋಡಿ. ಟೆಂಟ್ ಹಾಕುವುದು, ನಕ್ಷೆ ಓದುವುದು, ಸ್ಟವ್ ರಿಪೇರಿ, ಇದರಲ್ಲಿ ಯಾವುದನ್ನು ಗೆಳೆಯನೇ ಮಾಡುತ್ತಿದ್ದ ಅಂತ ಯೋಚಿಸಿ. ಅದು ನಿಮಗೂ ಬರುತ್ತದಾ? ಹತ್ತಿರದ ಯಾವುದಾದರೂ ದಾರಿಯಲ್ಲಿ ಒಂದು ರಾತ್ರಿ ಒಬ್ಬರೇ ಕಳೆದು ನೋಡಿ. ಬೆಳಿಗ್ಗೆ ಎದ್ದಾಗ ಇನ್ನೊಂದು ದಿನ ನಡೆಯುವ ಮನಸ್ಸಿದ್ದರೆ ಹೋಗಿ. ಇಲ್ಲದಿದ್ದರೆ ಮುಂದೂಡಿ, ಟ್ರೇಲ್ ಎಲ್ಲೂ ಹೋಗುವುದಿಲ್ಲ.

ನಮ್ಮಿಬ್ಬರ ವೇಗ ಹೊಂದುತ್ತಿಲ್ಲ. ದಿನಾ ಹಿಂದೆ ಬೀಳುತ್ತಿದ್ದೇವೆ.

ಲೆಕ್ಕವೇ ತಪ್ಪಿರಬಹುದು, ಮೊದಲು ಅದನ್ನು ನೋಡಿ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ: 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 15 ಕಿ.ಮೀ. ದೂರ, 900 ಮೀಟರ್ ಏರು ಅಂದರೆ ನಾಲ್ಕೂವರೆ ಗಂಟೆ. ಇದು ಗಟ್ಟಿ ಕಾಲಿನವರು, ಒಳ್ಳೆಯ ದಾರಿಯಲ್ಲಿ, ನಿಲ್ಲದೆ ನಡೆದರೆ. ಭಾರದ ಬ್ಯಾಗ್ ಇದ್ದರೆ ಇದಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ. ಲೆಕ್ಕವನ್ನು ಯಾವಾಗಲೂ ನಿಧಾನವಾಗಿ ನಡೆಯುವವರ ವೇಗದ ಮೇಲೆ ಹಾಕಿ.

ವೇಗದವರು ಮುಂದೆ ಹೋಗಿ, ಕೂತು, ಗೆಳೆಯ ಬಂದ ಕೂಡಲೇ ಎದ್ದು ಹೊರಡುವುದಿದೆಯಲ್ಲ, ಅದು ತುಂಬಾ ನೋಯಿಸುತ್ತದೆ. ಒಬ್ಬರಿಗೆ ಪೂರ್ತಿ ವಿಶ್ರಾಂತಿ, ಇನ್ನೊಬ್ಬರಿಗೆ ಒಂದು ಗಳಿಗೆಯೂ ಇಲ್ಲ. ಹಿಂದಿನವರು ಬಂದ ಮೇಲೆಯೇ ವಿಶ್ರಾಂತಿ ಶುರುವಾಗಬೇಕು. ನಿಧಾನದವರು ಮುಂದೆ ನಡೆದರೆ ಇನ್ನೂ ಒಳ್ಳೆಯದು. ಜೊತೆಗೆ ಟೆಂಟ್, ಗ್ಯಾಸ್‌ನಂಥ ಭಾರವನ್ನು ವೇಗದವರ ಬ್ಯಾಗಿಗೆ ಹಾಕಿ.

ಬೇರೆ ಬೇರೆ ನಡೆಯುವುದಾದರೆ ಒಂದು ನಿಯಮ ತಪ್ಪಬಾರದು. ಪ್ರತಿ ಕವಲಿನಲ್ಲೂ, ಪ್ರತಿ ಹೊಳೆಯ ಹತ್ತಿರವೂ ಮುಂದಿನವರು ಕಾಯಬೇಕು.

ಗೆಳತಿಗೆ ಕಾಲು ಉಳುಕಿದೆ, ಅಥವಾ ಮಂಡಿ ನೋವು. ಮುಂದೆ ಹೋಗಬಹುದಾ?

ಉಳುಕಿದ ಕಾಲಿನ ಮೇಲೆ ಭಾರ ಬಿಟ್ಟು ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್‌ರೇ ಬೇಕು ಅಂತ ಡಾಕ್ಟರುಗಳು ನೋಡುತ್ತಾರೆ. ಹಿಮ್ಮಡಿಗಂಟಿನ ಮೂಳೆ ಒತ್ತಿದರೆ ನೋವಾಗುತ್ತದೆಯಾ ಅಂತಲೂ ನೋಡುತ್ತಾರೆ. ಅಂಥ ಕಾಲಲ್ಲಿ ಮುಂದಕ್ಕೆ ಹೋಗುವ ಮಾತೇ ಇಲ್ಲ.

ಮಂಡಿ ನೋವು ಹಾಗೆ ಒಮ್ಮೆಗೇ ಬರುವುದಿಲ್ಲ. ಮೊದಲು ಇಳಿಜಾರಿನಲ್ಲಿ ಮಾತ್ರ ಇರುತ್ತದೆ, ಆಮೇಲೆ ಸಮತಟ್ಟಿನಲ್ಲೂ ಶುರುವಾಗುತ್ತದೆ. ಬಾಯಲ್ಲಿ ಹೇಳದವರ ನೋವು ನಡಿಗೆಯಲ್ಲಿ ಕಾಣುತ್ತದೆ: ಮೆಟ್ಟಿಲಿನಂಥ ಕಲ್ಲುಗಳಲ್ಲಿ ಪ್ರತಿ ಸಲವೂ ಅದೇ ಕಾಲನ್ನು ಮೊದಲು ಕೆಳಗಿಡುತ್ತಾರೆ, ಕೋಲಿನ ಮೇಲೆ ಪೂರ್ತಿ ವಾಲುತ್ತಾರೆ. ಹಾಗೆ ಕಂಡರೆ ಕೇಳಿ. ಕೇಳದೆ ಸುಮ್ನೆ ನಡೆಯಬೇಡಿ. ಎಷ್ಟೋ ಜನ “ನನ್ನಿಂದ ಅವಳ ಪ್ಲಾನ್ ಕೆಡಬಾರದು” ಅಂತ ನೋವು ನುಂಗಿ ನಡೆಯುತ್ತಾರೆ. ಒಂದು ದಿನದ ವಿಶ್ರಾಂತಿಯಲ್ಲಿ ಹೋಗುತ್ತಿದ್ದ ನೋವು ವಾರಗಟ್ಟಲೆ ಉಳಿಯುವುದು ಹೀಗೇ.

ಎತ್ತರದಲ್ಲಿ ಒಬ್ಬರಿಗೆ ಮಾತ್ರ ತಲೆನೋವು, ವಾಂತಿ. ಅವರನ್ನು ಕೆಳಗೆ ಕಳಿಸಿ ನಾನು ಮುಂದೆ ಹೋಗಲಾ?

ಬೇಡ. ಬೇರೆಯಾಗಲೇಬಾರದ ಸಂದರ್ಭ ಇದು. ಎತ್ತರದ ಕಾಯಿಲೆ ಜಾಸ್ತಿಯಾದರೆ ಯೋಚಿಸುವ ಶಕ್ತಿಯೇ ಮಂಕಾಗುತ್ತದೆ. ಒಂದು ಪಾದದ ಮುಂದೆ ಇನ್ನೊಂದು ಪಾದ ತಾಗಿಸಿ ನೇರ ಗೆರೆಯಲ್ಲಿ ನಡೆಯಲು ಹೇಳಿ. ತಡವರಿಸಿದರೆ ಮಿದುಳಿಗೆ ತಟ್ಟಿರುವ ಲಕ್ಷಣ ಅದು. ಕೂತಲ್ಲೇ ಏದುಸಿರು ಬಂದರೆ ಶ್ವಾಸಕೋಶಕ್ಕೆ ತಟ್ಟಿರುವ ಲಕ್ಷಣ. ಎರಡರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯದೆ, ಇಬ್ಬರೂ ಕೆಳಗಿಳಿಯಬೇಕು.

ಸುಮ್ನೆ ತಲೆನೋವು ಮಾತ್ರ ಇದ್ದರೆ ಅಲ್ಲೇ ಉಳಿಯಿರಿ, ಅದು ವಾಸಿಯಾಗುವವರೆಗೆ ಮೇಲೆ ಹತ್ತಬೇಡಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ವಿಶ್ರಾಂತಿ ದಿನ ಬೇಕು. ಯಾರಿಗೆ ಯಾವಾಗ ಈ ಕಾಯಿಲೆ ತಟ್ಟುತ್ತದೆ ಅಂತ ಮೈಕಟ್ಟು ನೋಡಿ ಹೇಳಲು ಆಗುವುದಿಲ್ಲ. ಗಟ್ಟಿಮುಟ್ಟಾದವರೇ ಮೊದಲು ಮಲಗುವುದೂ ಇದೆ.

ಹೊಳೆ ತುಂಬಿದೆ. ಕಾಯಬೇಕಾ, ವಾಪಸ್ ಹೋಗಬೇಕಾ?

ಹಿಮ ಕರಗಿ ಬರುವ ಹೊಳೆಯಾದರೆ ಕಾಯಿರಿ. ಹಗಲಿನ ಬಿಸಿಲಿಗೆ ಕರಗಿದ ನೀರು ಸಂಜೆ ಹೊತ್ತಿಗೆ ಜೋರಾಗುತ್ತದೆ, ರಾತ್ರಿ ಚಳಿಗೆ ಇಳಿದು ಬೆಳಗಿನ ಜಾವ ಕಡಿಮೆಯಿರುತ್ತದೆ. ಈ ದಡದಲ್ಲೇ ಟೆಂಟ್ ಹಾಕಿ ಮುಂಜಾನೆ ದಾಟುವುದು ಸೋಲಲ್ಲ. ಮಳೆಯಿಂದ ಉಕ್ಕಿದ ಹೊಳೆಗೆ ಈ ಲೆಕ್ಕ ನಡೆಯುವುದಿಲ್ಲ. ಮಳೆ ನಿಂತು ನೀರು ಇಳಿಯುವವರೆಗೆ ಕಾಯಬೇಕು.

ಮಂಡಿಗಿಂತ ಮೇಲೆ ವೇಗವಾಗಿ ಹರಿಯುವ ನೀರಿಗೆ ಇಳಿಯಬೇಡಿ. ದಾಟುವಾಗ ಬ್ಯಾಗಿನ ಸೊಂಟದ ಪಟ್ಟಿ, ಎದೆಯ ಪಟ್ಟಿ ಎರಡನ್ನೂ ಬಿಚ್ಚಿ. ಬಿದ್ದರೆ ಬ್ಯಾಗ್ ಕಳಚಿ ಎಸೆಯಲು ಆಗಬೇಕು. ಹಗ್ಗವನ್ನು ಮೈಗೆ ಕಟ್ಟಿಕೊಳ್ಳಬೇಡಿ, ಅದು ನೀರಿನೊಳಗೆ ಎಳೆದು ಹಿಡಿಯುತ್ತದೆ.

ಸಿಡಿಲಿನ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಅಂತರ ಇದ್ದರೆ ಅದು 10 ಕಿ.ಮೀ. ಒಳಗಿದೆ. ಬೆಟ್ಟದ ನೆತ್ತಿಯಿಂದ ತಕ್ಷಣ ಇಳಿಯಿರಿ, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಾಯಿರಿ.

ಇಂಥ ಹೊತ್ತಲ್ಲಿ ನಿಜವಾಗಿ ಅಪಾಯ ತರುವುದು ಕೈಯಲ್ಲಿರುವ ವಾಪಸ್ ಟಿಕೆಟ್. “ನಾಳಿದ್ದು ವಿಮಾನ ಇದೆ” ಅನ್ನುವ ಒಂದೇ ಕಾರಣಕ್ಕೆ ದಾಟಬಾರದ ಹೊಳೆ ದಾಟುತ್ತಾರೆ. ಪ್ಲಾನ್‌ನ ಕೊನೆಯಲ್ಲಿ ಒಂದೆರಡು ಖಾಲಿ ದಿನ ಇಟ್ಟುಕೊಳ್ಳಿ.

ಮುಂದಿನ ದಾರಿಯನ್ನೇ ಮುಚ್ಚಿದ್ದಾರೆ. ಈಗೇನು ಮಾಡುವುದು?

ಕಾಡ್ಗಿಚ್ಚು, ಪ್ರವಾಹ, ಭೂಕುಸಿತ ಇವೆಲ್ಲ ಈಗ ದೂರದ ದಾರಿಗಳಲ್ಲಿ ಮಾಮೂಲಿಯಾಗುತ್ತಿವೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ಬಂದಾಗ ಅಪಲಾಚಿಯನ್ ಟ್ರೇಲ್‌ನ ದಕ್ಷಿಣ ಭಾಗದಲ್ಲಿ ನೂರಾರು ಕಿ.ಮೀ. ದಾರಿ ಹಾಳಾಯಿತು. ಮುಚ್ಚಿದ ದಾರಿಗೆ ಕದ್ದು ನುಗ್ಗುವುದು ಬೇಡ. ನಿಮ್ಮನ್ನು ಹುಡುಕಿಕೊಂಡು ಬರುವವರ ಜೀವವೂ ಅಪಾಯಕ್ಕೆ ಸಿಕ್ಕುತ್ತದೆ.

ಇಂಥದಕ್ಕೆ ಹಳೆಯ ನಡಿಗರು ಕಂಡುಕೊಂಡ ಉಪಾಯ ಫ್ಲಿಪ್-ಫ್ಲಾಪ್. ಮುಚ್ಚಿದ ಭಾಗ ಬಿಟ್ಟು ಮುಂದೆ ಹೋಗಿ, ಅಥವಾ ಇನ್ನೊಂದು ತುದಿಯಿಂದ ಶುರು ಮಾಡಿ, ಬಿಟ್ಟ ಭಾಗಕ್ಕೆ ಆಮೇಲೆ ಬರುವುದು. ಅಪಲಾಚಿಯನ್ ಟ್ರೇಲ್ ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್ ಬೆಟ್ಟದವರೆಗೆ ಸುಮಾರು 3,500 ಕಿ.ಮೀ. ಇದೆ, 14 ರಾಜ್ಯ ದಾಟುತ್ತದೆ. ಉತ್ತರಕ್ಕೆ ನಡೆಯುವವರು ಕಟಾಡಿನ್ ಅನ್ನು ಅಕ್ಟೋಬರ್ ಮಧ್ಯದೊಳಗೆ ಮುಟ್ಟಬೇಕು, ಆಮೇಲೆ ಚಳಿಗಾಲ. ತಡವಾಯಿತು ಅನ್ನಿಸಿದವರು ನಡುವಿನಿಂದ ಸೀದಾ ಕಟಾಡಿನ್‌ಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ನಡೆದುಬರುತ್ತಾರೆ.

ಇಬ್ಬರಿದ್ದಾಗ ಫ್ಲಿಪ್ ಮಾಡುವುದೋ ಕಾಯುವುದೋ ಅನ್ನುವುದನ್ನು ಒಂದು ರಾತ್ರಿ ಬಿಟ್ಟು ತೀರ್ಮಾನಿಸಿ. ದಾರಿ ಮುಚ್ಚಿದ ಸುದ್ದಿ ಬಂದ ಗಳಿಗೆಯಲ್ಲಿ ಬೇಜಾರೇ ಮಾತಾಡುತ್ತಿರುತ್ತದೆ.

ನಡುದಾರಿಯಲ್ಲಿ ಬೇರೆಯಾಗಲು ತೀರ್ಮಾನಿಸಿದ್ದೇವೆ. ಸಾಮಾನು ಹೇಗೆ ಹಂಚಿಕೊಳ್ಳುವುದು?

ಇದನ್ನು ಅವಸರದಲ್ಲಿ ಮಾಡಬೇಡಿ. ನಾನೂ ನನ್ನ ಗೆಳತಿಯೂ ಬೇರೆಯಾದ ದಿನ ಕವಲುದಾರಿಯ ಹತ್ತಿರ ಒಂದು ಚಪ್ಪಟೆ ಬಂಡೆಯ ಮೇಲೆ ಎರಡೂ ಬ್ಯಾಗ್ ಪೂರ್ತಿ ಖಾಲಿ ಮಾಡಿದೆವು. ಎಲ್ಲ ಕಣ್ಣೆದುರಿಗೆ ಹರಡಿದಾಗಲೇ ಗೊತ್ತಾಗುವುದು, ಲೈಟರ್ ಒಂದೇ ಇದೆ, ಅದೂ ಹೊರಡುವವಳ ಜೇಬಿನಲ್ಲಿದೆ ಅಂತ. ಅವಳು ಪಾತ್ರೆಗೆ ನೀರು ತುಂಬಿ ಗ್ಯಾಸ್ ಡಬ್ಬಿಯನ್ನು ಅದರಲ್ಲಿ ತೇಲಿಸಿದಳು. ಡಬ್ಬಿ ಎಷ್ಟು ಮೇಲೆ ತೇಲುತ್ತದೋ ಗ್ಯಾಸ್ ಅಷ್ಟು ಕಡಿಮೆ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಉಳಿದಿತ್ತು. ಗಾಳಿಯಿಲ್ಲದ ಕಡೆ ಒಂದು ಲೀಟರ್ ನೀರು ಕುದಿಸಲು ಸುಮಾರು 15 ಗ್ರಾಂ ಗ್ಯಾಸ್ ಸಾಕು, ಹಾಗಾಗಿ ಮುಂದಿನ ಊರಿನವರೆಗೆ ಯೋಚನೆ ಇಲ್ಲ ಅಂತ ಅಲ್ಲೇ ಲೆಕ್ಕ ಹಾಕಿದೆವು.

ಟೆಂಟ್ ಮತ್ತು ಸ್ಟವ್ ರಾತ್ರಿ ಹೊರಗೆ ಕಳೆಯುವವರಿಗೆ. ಟೆಂಟನ್ನು ಒಳಪದರ ನಿನಗೆ, ಹೊರಪದರ ನನಗೆ ಅಂತ ಹಂಚಿದರೆ ಇಬ್ಬರಿಗೂ ಉಪಯೋಗವಿಲ್ಲ. ಹೊರಟವರು ಅದೇ ದಿನ ಸೂರು ಸೇರಲು ಆಗದಿದ್ದರೆ ಅಲ್ಲಿ ಬೇರೆಯಾಗಲೇಬೇಡಿ. ಮುಂದಿನ ರಸ್ತೆಯವರೆಗೆ ಜೊತೆಗೇ ನಡೆಯಿರಿ.

ನೀರಿನ ಫಿಲ್ಟರ್ ಒಂದೇ ಇದ್ದರೆ ಇನ್ನೊಬ್ಬರಿಗೆ ಕ್ಲೋರಿನ್ ಡೈಆಕ್ಸೈಡ್ ಮಾತ್ರೆ ಇರಲಿ. ಕ್ರಿಪ್ಟೊಸ್ಪೊರಿಡಿಯಂ ಅನ್ನುವ ಹಠಮಾರಿ ಪರಾವಲಂಬಿ ಸಾಯಲು ಆ ಮಾತ್ರೆಗೆ ನಾಲ್ಕು ಗಂಟೆ ಬೇಕು ಅನ್ನುವುದು ನೆನಪಿರಲಿ. ಕುದಿಸುವುದಾದರೆ ಒಂದು ನಿಮಿಷ, 2,000 ಮೀಟರ್ ಮೇಲೆ ಮೂರು ನಿಮಿಷ. ಟೊಳ್ಳು ನಾರಿನ ಫಿಲ್ಟರ್ ರಾತ್ರಿ ಹೆಪ್ಪುಗಟ್ಟಿದ್ದರೆ ಅದನ್ನು ಮತ್ತೆ ನಂಬಬೇಡಿ.

ನಕ್ಷೆ, ಟಾರ್ಚ್, ಸೀಟಿ, ಬ್ಯಾಂಡೇಜ್, ಒಂದು ಹೊತ್ತಿನ ಹೆಚ್ಚುವರಿ ಊಟ: ಇವು ಮೊದಲ ದಿನದಿಂದಲೇ ಇಬ್ಬರ ಬ್ಯಾಗಿನಲ್ಲೂ ಇರಬೇಕು. ಎರಡೆರಡು ಯಾಕೆ, ಭಾರ ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ನಿಜ, ಕೆಲವು ನೂರು ಗ್ರಾಂ ಜಾಸ್ತಿಯಾಗುತ್ತದೆ. ಮಂಜಿನಲ್ಲಿ ಅರ್ಧ ಗಂಟೆ ಒಬ್ಬರಿಗೊಬ್ಬರು ಕಾಣದೆ ಹೋದರೂ ಆ ಭಾರ ಹೊತ್ತದ್ದು ಸಾರ್ಥಕ.

ತುರ್ತಿನಲ್ಲಿ ಸಹಾಯ ಕೇಳುವ ಸ್ಯಾಟಲೈಟ್ ಉಪಕರಣ ಒಂದೇ ಇದೆ. ಅದು ಯಾರಿಗೆ?

ಕಷ್ಟದ ದಾರಿಯಲ್ಲಿ ಒಬ್ಬರೇ ಇರುವವರಿಗೆ. 406 ಮೆಗಾಹರ್ಟ್ಸ್ ತುರ್ತು ಬೀಕನ್ ಆಗಿದ್ದರೆ ಅದು ಮಾಲೀಕರ ಹೆಸರಿನಲ್ಲಿ ನೋಂದಣಿಯಾಗಿರುತ್ತದೆ. ಅದನ್ನು ಗೆಳೆಯನಿಗೆ ಕೊಟ್ಟರೆ ನೋಂದಣಿಯ ಟಿಪ್ಪಣಿಯಲ್ಲಿ ಈಗ ಯಾರು ಹೊತ್ತಿದ್ದಾರೆ, ಯಾವ ದಾರಿ ಅಂತ ಬದಲಿಸಿ. ಇಲ್ಲದಿದ್ದರೆ ರಕ್ಷಣಾ ತಂಡದವರು ಮನೆ ಸೇರಿದವರನ್ನು ಹುಡುಕುತ್ತಾರೆ.

ಮನೆಯವರಿಗೆ ಏನು ಹೇಳಬೇಕು?

ಒಂದೇ ಮೆಸೇಜ್, ಇಬ್ಬರ ಮನೆಗೂ ಅದೇ. ಯಾರು ಎಲ್ಲಿಂದ ಎಲ್ಲಿಗೆ ಹೊರಟರು, ಮುಂದಿನ ಸುದ್ದಿ ಯಾವ ದಿನ ಬರುತ್ತದೆ, ಆ ದಿನ ಕಳೆದು ಎಷ್ಟು ಹೊತ್ತಿನ ಮೇಲೆ ಯಾರಿಗೆ ಫೋನ್ ಮಾಡಬೇಕು. ಸಿಗ್ನಲ್ ಸಿಗುವ ಮುಂಚೆಯೇ ಬರೆದಿಟ್ಟುಕೊಂಡು ಒಬ್ಬರಿಗೊಬ್ಬರು ಓದಿ ಹೇಳಿ.

ಜಗಳವಾಗಿದೆ. ಪ್ಲಾನ್ ಬದಲಾದದ್ದು ಅದರಿಂದಲೇ.

ಹಸಿವು, ನಿದ್ದೆಗೇಡು, ಚಳಿ, ಈ ಮೂರನ್ನು ಮೊದಲು ಸರಿಮಾಡಿ. ದಾರಿಯ ಜಗಳಗಳಲ್ಲಿ ದೊಡ್ಡ ಪಾಲು ಅಲ್ಲೇ ಕರಗುತ್ತದೆ. ಆಮೇಲೂ ಉಳಿದರೆ ಊರು ಸೇರಿದಾಗ ಬೇರೆ ಬೇರೆ ರೂಮಿನಲ್ಲಿ ಮಲಗಿ, ಒಂದು ದಿನ ಬೇರೆ ಬೇರೆ ನಡೆಯಿರಿ. ಒಂದೇ ಟೆಂಟಿನೊಳಗೆ ವಾರಗಟ್ಟಲೆ ಇದ್ದರೆ ಎಂಥ ಗೆಳೆತನಕ್ಕೂ ಉಸಿರಾಡಲು ಜಾಗ ಬೇಕಾಗುತ್ತದೆ. ಕೋಪದಲ್ಲಿ, ಕತ್ತಲಾಗುತ್ತಿರುವಾಗ ಮಾತ್ರ ಬೇರೆಯಾಗಬೇಡಿ.

ಒಂದು ಭಾಗ ಬಿಟ್ಟುಹೋದರೆ ಪೂರ್ತಿ ನಡೆದ ಲೆಕ್ಕಕ್ಕೆ ಬರುತ್ತದಾ?

ಅಪಲಾಚಿಯನ್ ಟ್ರೇಲ್ ನೋಡಿಕೊಳ್ಳುವ ಸಂಸ್ಥೆ ನಡೆದ ಕ್ರಮವನ್ನೂ ದಿಕ್ಕನ್ನೂ ಕೇಳುವುದಿಲ್ಲ. ಇಡೀ ದಾರಿಯನ್ನು 12 ತಿಂಗಳೊಳಗೆ ಮುಗಿಸಿದರೆ ಅದು ಥ್ರೂ-ಹೈಕ್, ಅಂದರೆ ಪೂರ್ತಿ ನಡಿಗೆ. ವರ್ಷಗಟ್ಟಲೆ ತುಂಡು ತುಂಡಾಗಿ ನಡೆದು ಮುಗಿಸಿದವರಿಗೂ ಮನ್ನಣೆ ಇದೆ. ಬೆಂಕಿ, ಪ್ರವಾಹದಂಥ ತುರ್ತಿನಲ್ಲಿ ಅಧಿಕೃತ ಬದಲಿ ದಾರಿ ಹಿಡಿದರೂ ಒಪ್ಪುತ್ತಾರೆ. ಸ್ಪೇನಿನ ಸಾಂಟಿಯಾಗೊ ಯಾತ್ರೆಯ ದಾರಿಯಲ್ಲಿ ಕೊನೆಯ 100 ಕಿ.ಮೀ. ನಡೆದು, ದಾರಿಯುದ್ದಕ್ಕೂ ಮುದ್ರೆ ಹಾಕಿಸಿಕೊಂಡವರಿಗೂ ಪ್ರಮಾಣಪತ್ರ ಸಿಗುತ್ತದೆ. ನಡುವೆ ಮನೆಗೆ ಹೋಗಬೇಕಾದ ಗೆಳೆಯ ಕೊನೆಯ ವಾರಕ್ಕೆ ಬಂದು ಸೇರಿಕೊಂಡರೆ ಇಬ್ಬರೂ ಒಟ್ಟಿಗೆ ತಲುಪಬಹುದು.

ಹೋದ ಗೆಳೆಯ ಮತ್ತೆ ಬಂದು ಸೇರಿಕೊಳ್ಳುತ್ತಾನೆ. ಏನು ಗಮನಿಸಬೇಕು?

ಖುಷಿಯ ವಿಷಯ. ಆದರೆ ನಡೆಯುತ್ತಲೇ ಇದ್ದವರ ಕಾಲು ಅಷ್ಟರಲ್ಲಿ ಪಳಗಿರುತ್ತದೆ, ವಿಶ್ರಾಂತಿಯಲ್ಲಿದ್ದವರದು ಹಾಗಿರುವುದಿಲ್ಲ. ಮೊದಲ ಕೆಲವು ದಿನ ಮತ್ತೆ ಕಡಿಮೆ ದೂರ ಇಟ್ಟುಕೊಳ್ಳಿ. ಎತ್ತರದ ದಾರಿಯಾದರೆ ಇನ್ನೂ ಎಚ್ಚರ ಬೇಕು. ಒಂದೆರಡು ವಾರ ಕೆಳಗಿದ್ದವರ ಮೈ ಎತ್ತರದ ಹೊಂದಿಕೆಯನ್ನು ಬಹುಪಾಲು ಕಳೆದುಕೊಂಡಿರುತ್ತದೆ, ಅವರು ಮೊದಲಿನಿಂದ ನಿಧಾನವಾಗಿ ಏರಬೇಕು.

ಭೇಟಿಯ ಜಾಗ ವಾಹನ ಬರುವ, ಉಳಿಯಲು ಸೂರಿರುವ ಊರಾಗಿರಲಿ. “ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ ಆ ಕವಲಿನಲ್ಲಿ” ಅಂತ ಇಟ್ಟುಕೊಳ್ಳಬೇಡಿ. ಎರಡು ದಿನದ ಅವಧಿ ಇಟ್ಟುಕೊಳ್ಳಿ, ಮೊದಲು ಬಂದವರು ಅಲ್ಲೇ ಉಳಿದು ಕಾಯಲಿ. ಯಾರೂ ಎದುರುಗೊಳ್ಳಲು ದಾರಿಯೊಳಗೆ ಹೋಗಬಾರದು, ಕವಲುಗಳಲ್ಲಿ ಒಬ್ಬರಿಗೊಬ್ಬರು ತಪ್ಪಿಹೋಗುವುದು ಸುಲಭ. ಬರುವವರ ಬ್ಯಾಗಿನಲ್ಲಿ ಹೊಸ ಗ್ಯಾಸ್ ಡಬ್ಬಿ ತರಲು ಹೇಳಬೇಡಿ, ವಿಮಾನದಲ್ಲಿ ಬಿಡುವುದಿಲ್ಲ. ಆ ಊರಿನಲ್ಲಿ ಸಿಗುತ್ತದಾ ಅಂತ ಮೊದಲೇ ವಿಚಾರಿಸಿ. ಒಣಗಿದ ಸಾಕ್ಸ್ ಮಾತ್ರ ಎರಡು ಜೊತೆ ಜಾಸ್ತಿ ತರಲು ಹೇಳಿ.